ರಾಣಿಯ ಜಾತಕ

ಕಳೆದ ತಿಂಗಳ ಒಂದು ಭಾನುವಾರ ಬೆಳಗ್ಗೆ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿಕೊಂಡು, ಯಾವುದನ್ನು ಮೊದಲು ನೋಡುವುದೆಂದು ತಿಳಿಯದೆ ಕಾಫಿ ಕುಡಿಯುತ್ತಿದ್ದೆ. ಅಂಥ ಹೊತ್ತಿನಲ್ಲಿ ಯಾರಾದರೂ ಬಂದು ಬಾಗಿಲು ತಟ್ಟಿದರೆ ಎಷ್ಟು ಸಂತೋಷವಾಗುತ್ತದೆಂಬುದು ಉಪಾಧ್ಯಾಯರಿಗೆ ಮಾತ್ರ ಗೊತ್ತು. ಬಂದವರು ಪಕ್ಕದ ಮನೆಯ ಶ್ರೀನಿವಾಸರಾಯರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಕೈಯಲ್ಲಿ ಒಂದು ಕಡತ.

"ಮೇಷ್ಟ್ರೇ, ಬಿಡುವಾಗಿದ್ದೀರಾ? ಒಂದು ಜಾತಕ ನೋಡಿ ಹೇಳಬೇಕಾಗಿತ್ತು."

ನನಗೆ ಆಶ್ಚರ್ಯವಾಯಿತು. ರಾಯರ ಮಗಳ ಮದುವೆಯಾಗಿ ವರ್ಷಗಳೇ ಸಂದಿವೆ. ಮಗ ಪುಣೆಯಲ್ಲಿ ಸಂಸಾರಸ್ಥ. ಅಲ್ಲದೆ ಜಾತಕ ನೋಡುವ ವಿದ್ಯೆ ನನಗೆ ಬಾರದು.

"ಯಾರ ಜಾತಕ, ರಾಯರೇ?"

"ನಮ್ಮ ರಾಣಿಗೆ ಬಂದಿರುವ ವರನದು."

ರಾಣಿ ಅವರ ಮನೆಯ ಲ್ಯಾಬ್ರಡಾರ್. ಮೂರು ವರ್ಷದ ಕರಿಯ ಹೆಣ್ಣು. ನಗರದ ಇನ್ನೊಂದು ಬಡಾವಣೆಯವರೊಬ್ಬರು ತಮ್ಮ ಗಂಡುನಾಯಿಗೆ ಅವಳನ್ನು ಕೇಳಿದ್ದರು; ಅವನ ಆರೋಗ್ಯದ ಬಗ್ಗೆ ಪ್ರಯೋಗಾಲಯದ ಪ್ರಮಾಣಪತ್ರವನ್ನೂ ಕೊಟ್ಟಿದ್ದರು. ಒಳಗಿನಿಂದ ನನ್ನಾಕೆ, "ನಿಮಗೆ ನಾಯಿಯ ವಿಷಯ ಏನು ಗೊತ್ತು ಅಂತ ಅವರು ಕೇಳುತ್ತಿದ್ದಾರೆ?" ಎಂದಳು. ರಾಯರು ಬಿಡಲಿಲ್ಲ. "ನಾಯಿಯ ವಿಷಯ ಡಾಕ್ಟರಿಗೆ ಗೊತ್ತು, ತಾಯಿ. ಕಾಗದ ಓದುವುದು ಮೇಷ್ಟ್ರಿಗೆ ಗೊತ್ತು."

ಇದನ್ನು ಕೇಳಿ ನಕ್ಕುಬಿಡುವಂತಿರಲಿಲ್ಲ. ಆ ಮನೆಯ ಹಿರಿಯ ನಾಯಿ ಸೀಸರನನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಬಲ್ಲರು. ಅವನಿಗೀಗ ಒಂಬತ್ತು ವರ್ಷ. ಐದನೆಯ ವರ್ಷದಲ್ಲಿ, ಸಂಜೆ ತಿರುಗಾಡಲು ಹೋದಾಗ ಮೆಟ್ಟಿಲ ಬಳಿ ಅನುಮಾನಿಸಿ ನಿಲ್ಲತೊಡಗಿದ. ವಯಸ್ಸಿನ ಜಡತೆ ಎಂದುಕೊಂಡರು. ಆಮೇಲೆ ದೀಪವಿಲ್ಲದ ಕೋಣೆಗೆ ಹೋಗಲು ಒಲ್ಲೆನೆಂದ. ಒಂದು ವರ್ಷ ಕಳೆಯುವಷ್ಟರಲ್ಲಿ ಹಗಲಿನಲ್ಲೂ ಬಾಗಿಲಿಗೆ ಹಣೆ ತಾಕಿಸಿಕೊಳ್ಳುವಂತಾಯಿತು. ಅಕ್ಷಿಪಟಲ ಕ್ರಮೇಣ ಸವೆದುಹೋಗುವ ಆನುವಂಶಿಕ ರೋಗವಿದು, ಇದಕ್ಕೆ ಔಷಧವಿಲ್ಲ ಎಂದು ವೈದ್ಯರು ಹೇಳಿದರು. ಅಂದಿನಿಂದ ರಾಯರ ಮನೆಯಲ್ಲಿ ಕುರ್ಚಿ ಮೇಜುಗಳನ್ನು ಯಾರೂ ಕದಲಿಸುವಂತಿಲ್ಲ. ಸೀಸರ್ ನೆನಪಿನ ಬಲದಿಂದ ಮನೆಯನ್ನೆಲ್ಲ ಸುತ್ತುತ್ತಾನೆ. ಹೊರಗೆ ಹೋಗಬೇಕಾದರೆ ರಾಣಿಯ ಪಕ್ಕೆಗೆ ಮೈ ತಾಗಿಸಿಕೊಂಡು ನಡೆಯುತ್ತಾನೆ. ರಾಯರ ಪತ್ನಿ ಸರೋಜಮ್ಮನವರು ರಾಣಿಯ ಮದುವೆಯ ಮಾತು ಬಂದಾಗ ಹೇಳಿದ್ದು ಒಂದೇ ಮಾತು: "ಮರಿಗಳಾಗಲಿ, ಬೇಡವೆನ್ನುವುದಿಲ್ಲ. ಇನ್ನೊಂದು ಮನೆಯವರು ಈ ಕಷ್ಟ ನೋಡುವ ಹಾಗಾಗಬಾರದು."

ನೋವಿನ ಸಂಗತಿಯೆಂದರೆ, ಸೀಸರನನ್ನು ಕೊಳ್ಳುವಾಗಲೂ ಮಾರಿದವರು ಒಂದು ಕಾಗದ ಕೊಟ್ಟಿದ್ದರು. ಅದರ ತಂದೆತಾಯಿಗಳಿಬ್ಬರೂ ವಂಶವಾಹಿ ಪರೀಕ್ಷೆಯಲ್ಲಿ ನಿರ್ದೋಷಿಗಳೆಂದು ಅದರಲ್ಲಿ ಬರೆದಿತ್ತು. ಆ ಹಳೆಯ ಕಾಗದವೂ ಈ ಹೊಸ ಕಾಗದವೂ ಒಂದೇ ಕಡತದಲ್ಲಿದ್ದವು.

ನಾನು ವಿಜ್ಞಾನ ಓದಿದವನಲ್ಲ. ಆದರೆ ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನ ಶಾಸ್ತ್ರವನ್ನು ಓದಿದ್ದೇನೆ. ಪಶುವೈದ್ಯರಾದ ನನ್ನ ಮಿತ್ರರೊಬ್ಬರು ವಿಷಯವನ್ನು ವಿವರಿಸಿದಾಗ ಅದು ನಮ್ಮ ಶಾಸ್ತ್ರಕ್ಕೆ ಎಷ್ಟು ಹತ್ತಿರವಿದೆಯೆಂದು ಬೆರಗಾದೆ. ನಾಯಿಯ ಪ್ರತಿಯೊಂದು ಜೀವಕೋಶದಲ್ಲಿಯೂ 78 ವರ್ಣತಂತುಗಳಿವೆ: 39 ತಾಯಿಯಿಂದ ಬಂದವು, 39 ತಂದೆಯಿಂದ ಬಂದವು. ಒಂದೇ ಗ್ರಂಥದ ಎರಡು ಓಲೆಪ್ರತಿಗಳು ಎಂದಿಟ್ಟುಕೊಳ್ಳಿ. ಒಂದೊಂದು ಪ್ರತಿಯಲ್ಲಿ ಸುಮಾರು 240 ಕೋಟಿ ಅಕ್ಷರಗಳು. ಈ ಗ್ರಂಥವನ್ನು ವಿಜ್ಞಾನಿಗಳು ಬಹುಮಟ್ಟಿಗೆ ಪೂರ್ಣವಾಗಿ ಓದಿ ಪ್ರಕಟಿಸಿದ್ದು 2005ರ ಡಿಸೆಂಬರಿನಲ್ಲಿ. ಓದಿದ್ದು ಟಾಶಾ ಎಂಬ ಬಾಕ್ಸರ್ ತಳಿಯ ಹೆಣ್ಣುನಾಯಿಯ ಪ್ರತಿಯನ್ನು. ಮರುವರ್ಷ, 2006ರಲ್ಲಿ, ಲ್ಯಾಬ್ರಡಾರ್, ಕಾಕರ್ ಸ್ಪೇನಿಯಲ್, ಪೂಡ್ಲ್ ಮೊದಲಾದ ಅನೇಕ ತಳಿಗಳಲ್ಲಿ ಕಣ್ಣು ಕಳೆಯುವ ಒಂದು ದೋಷದ ಮೂಲ ಸಿಕ್ಕಿತು. ಪಿ.ಆರ್.ಸಿ.ಡಿ. ಎಂಬ ವಂಶವಾಹಿಯಲ್ಲಿ 'ಜಿ' ಇರಬೇಕಾದ ಸ್ಥಾನದಲ್ಲಿ 'ಎ' ಬಂದಿದೆ. 240 ಕೋಟಿ ಅಕ್ಷರಗಳಲ್ಲಿ ಒಂದು ಅಕ್ಷರ! ಲಿಪಿಕಾರನ ಒಂದು ಕೈತಪ್ಪು.

ಎರಡು ಪ್ರತಿಗಳಲ್ಲಿ ಒಂದು ಶುದ್ಧವಾಗಿದ್ದರೆ ಅರ್ಥ ಕೆಡುವುದಿಲ್ಲ; ನಾಯಿಗೆ ಕಣ್ಣು ಚೆನ್ನಾಗಿಯೇ ಇರುತ್ತದೆ. ಅದು ಬರಿಯ ವಾಹಕ. ಎರಡರಲ್ಲಿಯೂ ತಪ್ಪಿದ್ದರೆ ಮಾತ್ರ ರೋಗ. ವಾಹಕಗಳೆರಡು ಕೂಡಿದರೆ ಹುಟ್ಟುವ ಪ್ರತಿಯೊಂದು ಮರಿಗೂ ನಾಲ್ಕರಲ್ಲಿ ಒಂದು ಪಾಲು ಕುರುಡಿನ ಸಂಭವ. ವಾಹಕವನ್ನು ನಿರ್ದೋಷಿಗೆ ಕೊಟ್ಟರೆ ಈ ರೋಗ ಯಾವ ಮರಿಗೂ ಬರುವುದಿಲ್ಲ, ಆದರೆ ಪ್ರತಿಯೊಂದೂ ವಾಹಕವಾಗುವ ಸಂಭವ ಅರ್ಧಕ್ಕರ್ಧ. ಕಣ್ಣಿಗೆ ಕಾಣದ ಈ ಭೇದವನ್ನು ಹೇಳಬಲ್ಲುದು ಪ್ರಯೋಗಾಲಯ ಮಾತ್ರ. ಆದ್ದರಿಂದಲೇ ಯಾವ ಪ್ರಯೋಗಾಲಯ, ಎಂಥ ಕಾಗದ ಎಂಬುದು ಅಷ್ಟು ಮುಖ್ಯವಾಗುತ್ತದೆ.

ಈಗ ವರನ ಜಾತಕ. ದಪ್ಪನೆಯ ಕಾಗದ, ಹೊನ್ನಿನ ಬಣ್ಣದ ಮುದ್ರೆ, ನಾಯಿಯ ಚಿತ್ರ. "ರಾಕಿ. ವಂಶವಾಹಿ ಪರೀಕ್ಷೆಯಾಗಿದೆ. ನಿರ್ದೋಷಿ." ಕೆಳಗೆ ಐ.ಎಸ್.ಓ. 9001 ಎಂಬ ಲಾಂಛನ. ಇಷ್ಟೇ. ನಾನು ಎರಡು ಸಲ ತಿರುಗಿಸಿ ನೋಡಿದೆ. ಹಿಂಬದಿ ಖಾಲಿ.

ಹಸ್ತಪ್ರತಿಯನ್ನು ಕೈಗೆತ್ತಿಕೊಂಡವನು ಮೊದಲು ಕೇಳುವುದು, ಇದು ಯಾವ ಪ್ರತಿ, ಎಲ್ಲಿ ದೊರೆತದ್ದು ಎಂದು. ಇಲ್ಲಿಯೂ ಮೊದಲ ಪ್ರಶ್ನೆ ಅದೇ: ಪ್ರಯೋಗಾಲಯಕ್ಕೆ ಹೋದ ಮಾದರಿ ಯಾವ ನಾಯಿಯದು? ರಾಕಿ ಎಂಬ ಹೆಸರಿನ ನಾಯಿಗಳು ಮೈಸೂರಿನಲ್ಲಿಯೇ ನೂರಿರಬಹುದು. ನಾಯಿಯ ಚರ್ಮದಡಿಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ಪನ್ನು ಇಡುತ್ತಾರೆ; ಅದರಲ್ಲಿ 15 ಅಂಕಿಗಳ ಸಂಖ್ಯೆಯೊಂದಿರುತ್ತದೆ. ನಮ್ಮ ದೇಶದಲ್ಲಿ ನಾಯಿಗಳ ಸಾಕಣೆ ಮತ್ತು ಮಾರಾಟದ ಬಗ್ಗೆ 2017ರಲ್ಲಿ ಬಂದ ನಿಯಮಗಳ ಪ್ರಕಾರ, ಮಾರುವ ಮರಿಗೆ ಎಂಟು ವಾರ ತುಂಬಿರಬೇಕು, ಚಿಪ್ಪನ್ನೂ ಹಾಕಿಸಿರಬೇಕು. ವೈದ್ಯರು ಚಿಪ್ಪನ್ನು ಯಂತ್ರದಿಂದ ಓದಿ, ಆ ಸಂಖ್ಯೆಯನ್ನು ಬರೆದು, ತಮ್ಮ ಕೈಯಿಂದಲೇ ಮಾದರಿ ತೆಗೆದು ಸಹಿ ಹಾಕಿದರೆ ಆಗ ಆ ಕಾಗದ ಆ ನಾಯಿಯದೆಂದು ನಂಬಬಹುದು. ಮನೆಯವರೇ ಒರೆಸಿ ಕಳುಹಿಸಿದ ಮಾದರಿಯನ್ನೂ ಪ್ರಯೋಗಾಲಯಗಳು ಸ್ವೀಕರಿಸುವುದುಂಟು. ತಮ್ಮ ತಿಳಿವಳಿಕೆಗೆ ಅದು ಸಾಕು. ಇನ್ನೊಬ್ಬರಿಗೆ ತೋರಿಸಿ ಮರಿ ಮಾರುವುದಕ್ಕೆ ಸಾಲದು. ಸಂಖ್ಯೆ ಕೇಳದ, ತನ್ನ ಕಾಗದದಲ್ಲಿ ಸಂಖ್ಯೆ ಮುದ್ರಿಸದ ಪ್ರಯೋಗಾಲಯವನ್ನು, ಅದರ ಯಂತ್ರಗಳು ಎಷ್ಟೇ ಬೆಲೆಬಾಳಲಿ, ಈ ಕೆಲಸಕ್ಕೆ ಆರಿಸಿಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ.

ಎರಡನೆಯದು, ಯಾವ ದೋಷವನ್ನು ಹುಡುಕಿದರು? "ನಿರ್ದೋಷಿ" ಎಂಬ ಒಂದು ಪದಕ್ಕೆ ಇಲ್ಲಿ ಅರ್ಥವೇ ಇಲ್ಲ. ಕಣ್ಣು ಸವೆಯುವ ರೋಗವೊಂದನ್ನೇ ತೆಗೆದುಕೊಂಡರೆ, ಬೇರೆ ಬೇರೆ ತಳಿಗಳಲ್ಲಿ ಅದಕ್ಕೆ ಬೇರೆ ಬೇರೆ ವಂಶವಾಹಿಗಳು ಕಾರಣ. ಐರಿಷ್ ಸೆಟರ್ ನಾಯಿಗಳಲ್ಲಿನ ದೋಷವನ್ನು 1993ರಲ್ಲಿಯೇ ಗುರುತಿಸಿದರು. ಆ ಪರೀಕ್ಷೆಯನ್ನು ಲ್ಯಾಬ್ರಡಾರಿಗೆ ಮಾಡಿ "ದೋಷವಿಲ್ಲ" ಎಂದು ಬರೆದರೆ ಬರೆದದ್ದು ಸುಳ್ಳಲ್ಲ, ಪ್ರಯೋಜನ ಮಾತ್ರ ಶೂನ್ಯ. ಒಳ್ಳೆಯ ಪ್ರಯೋಗಾಲಯದ ಕಾಗದದಲ್ಲಿ ರೋಗದ ಹೆಸರು, ವಂಶವಾಹಿಯ ಹೆಸರು, ಹುಡುಕಿದ ಮಾರ್ಪಾಟು, ಎರಡು ಪ್ರತಿಗಳಲ್ಲಿ ಕಂಡದ್ದೇನು ಎಂಬುದು ಸ್ಪಷ್ಟವಾಗಿರುತ್ತದೆ. ಇಂದು ನೂರಾರು ಪರೀಕ್ಷೆಗಳನ್ನು ಒಟ್ಟಿಗೆ ಕಟ್ಟಿ ಮಾರುವವರಿದ್ದಾರೆ. ಮದುವೆಯ ಊಟದಲ್ಲಿ ಭಕ್ಷ್ಯಗಳ ಸಂಖ್ಯೆ ಹೆಚ್ಚಾದಷ್ಟೂ ಅನ್ನ ಸಾರಿನ ಕಡೆ ಗಮನ ಕಡಿಮೆಯಾಗುವಂತೆ, ನಮ್ಮ ತಳಿಗೆ ಬೇಕಾದ ನಾಲ್ಕೈದು ಪರೀಕ್ಷೆ ಅದರಲ್ಲಿದೆಯೇ ಎಂಬುದನ್ನು ನೋಡುವುದೇ ಮರೆತುಹೋಗುತ್ತದೆ. ಲ್ಯಾಬ್ರಡಾರಿಗೆ ಈ ಕಣ್ಣಿನ ಪರೀಕ್ಷೆಯೂ, ಓಡಿ ದಣಿದಾಗ ಹಿಂಗಾಲು ಸೋತು ಕುಸಿಯುವ ರೋಗದ ಪರೀಕ್ಷೆಯೂ ಮುಖ್ಯ. ಎರಡನೆಯದರ ಮೂಲ ಪತ್ತೆಯಾದದ್ದು 2008ರಲ್ಲಿ, ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ.

ಇನ್ನು ಆ ಲಾಂಛನ. ರಾಯರು ಬ್ಯಾಂಕಿನವರಾದ್ದರಿಂದ ಮುದ್ರೆಗೆ ಮರ್ಯಾದೆ ಕೊಡುವವರು. "ಐ.ಎಸ್.ಓ. ಇದೆಯಲ್ಲ, ಮೇಷ್ಟ್ರೇ?" ಎಂದರು. ಇದೆ. ಆದರೆ 9001 ಎಂಬುದು ಸಂಸ್ಥೆಯ ಆಡಳಿತ ಕ್ರಮಬದ್ಧವಾಗಿದೆಯೆಂದು ಹೇಳುವ ಮಾನದಂಡ. ಬಿಸ್ಕತ್ತಿನ ಕಾರ್ಖಾನೆಗೂ ಅದು ದೊರೆಯಬಹುದು. ಪರೀಕ್ಷೆ ಮಾಡುವ ಸಾಮರ್ಥ್ಯವನ್ನೇ ಅಳೆಯುವ ಮಾನದಂಡ ಬೇರೆ: ಐ.ಎಸ್.ಓ./ಐ.ಇ.ಸಿ. 17025. 1999ರಲ್ಲಿ ಹೊರಬಂದು 2017ರಲ್ಲಿ ಪರಿಷ್ಕೃತವಾದ ಇದರ ಪ್ರಕಾರ ಮಾನ್ಯತೆ ಕೊಡುವ ಸಂಸ್ಥೆ ಭಾರತದಲ್ಲಿ ಎನ್.ಎ.ಬಿ.ಎಲ್., ಬ್ರಿಟನ್ನಿನಲ್ಲಿ ಯು.ಕೆ.ಎ.ಎಸ್. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಮಾನ್ಯತೆ ಇಡೀ ಕಟ್ಟಡಕ್ಕೆ ಕೊಡುವುದಲ್ಲ, ಹೆಸರಿಸಿದ ಪರೀಕ್ಷೆಗಳಿಗೆ ಕೊಡುವುದು. ಕುಡಿಯುವ ನೀರಿನ ಪರೀಕ್ಷೆಗೆ ಮಾನ್ಯತೆ ಪಡೆದು ನಾಯಿಯ ಕಣ್ಣಿನ ಪರೀಕ್ಷೆಯ ಕಾಗದದ ಮೇಲೆ ಆ ಹೆಮ್ಮೆಯನ್ನು ಸಾರುವುದು ಸಾಧ್ಯ. ಆದ್ದರಿಂದ ಮಾನ್ಯತೆಯ ಜೊತೆಗೆ ಲಗತ್ತಿಸಿದ ಪಟ್ಟಿಯನ್ನು ಕೇಳಿ ನೋಡಬೇಕು. ಕೇಳಿದರೆ ಬೇಸರಪಡುವವರ ಬಳಿ ವ್ಯವಹಾರ ಬೇಡ.

ಪ್ರಯೋಗಾಲಯಗಳನ್ನು ಪರೀಕ್ಷಿಸುವ ಇನ್ನೊಂದು ಕ್ರಮ ನನಗೆ ಬಹಳ ಹಿಡಿಸಿತು. ಪ್ರಾಣಿ ತಳಿಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಂಘವೊಂದಿದೆ, ಐಸ್ಯಾಗ್ ಎಂದು ಅದರ ಕಿರುಹೆಸರು. ಅದು ಒಂದೇ ಮಾದರಿಗಳನ್ನು, ಉತ್ತರ ಹೇಳದೆ, ಅನೇಕ ಪ್ರಯೋಗಾಲಯಗಳಿಗೆ ಕಳುಹಿಸಿ ಯಾರ ಉತ್ತರ ಸರಿಯೆಂದು ತಾಳೆ ನೋಡುತ್ತದೆ. ಒಂದೇ ಉತ್ತರಪತ್ರಿಕೆಯನ್ನು ಹತ್ತು ಮಂದಿ ಅಧ್ಯಾಪಕರಿಗೆ ಕೊಟ್ಟು ಅಂಕ ಹಾಕಿಸಿದ ಹಾಗೆ! ಈ ಕ್ರಮವನ್ನು ನಮ್ಮ ವಿಶ್ವವಿದ್ಯಾಲಯಗಳಲ್ಲಿ ತಂದರೆ ನನ್ನಂಥವರ ಗತಿಯೇನೆಂದು ಮೇಜಿನ ಮೇಲಿದ್ದ ಕಟ್ಟನ್ನು ನೋಡಿ ಸ್ವಲ್ಪ ಅಧೀರನಾದೆ. ಪ್ರಯೋಗಾಲಯವನ್ನು ಆರಿಸುವವರು "ನೀವು ಇಂಥ ತಾಳೆಪರೀಕ್ಷೆಯಲ್ಲಿ ಭಾಗವಹಿಸುತ್ತೀರಾ?" ಎಂದು ಒಂದು ಸಾಲು ಬರೆದು ಕೇಳಬಹುದು. ಅಂತರರಾಷ್ಟ್ರೀಯ ಶ್ವಾನ ಸಹಭಾಗಿತ್ವ ಸಂಸ್ಥೆಯೊಂದು ಯಾವ ಪ್ರಯೋಗಾಲಯದಲ್ಲಿ ಯಾವ ತಳಿಗೆ ಯಾವ ಪರೀಕ್ಷೆ, ಅದರ ಗುಣಮಟ್ಟದ ಏರ್ಪಾಡೇನು ಎಂಬುದನ್ನು ಒಟ್ಟುಗೂಡಿಸಿ ಎಲ್ಲರೂ ನೋಡುವಂತೆ ಇಟ್ಟಿದೆ. ಅದರಲ್ಲಿ ಹೆಸರಿರುವುದೇ ಯೋಗ್ಯತಾಪತ್ರವಲ್ಲ. ಹೋಲಿಸಿ ನೋಡುವುದಕ್ಕೆ ಅನುಕೂಲ, ಅಷ್ಟೆ.

ಪ್ರಯೋಗಾಲಯಗಳು ಚಿರಂಜೀವಿಗಳೂ ಅಲ್ಲ. ಇಂಗ್ಲೆಂಡಿನ ನ್ಯೂಮಾರ್ಕೆಟ್ಟಿನ ಬಳಿ 1942ರಲ್ಲಿ ಸ್ಥಾಪಿತವಾಗಿ ನಾಯಿ ಕುದುರೆಗಳ ರೋಗಸಂಶೋಧನೆಯಲ್ಲಿ ಹೆಸರು ಮಾಡಿದ್ದ ಅನಿಮಲ್ ಹೆಲ್ತ್ ಟ್ರಸ್ಟ್ 2020ರಲ್ಲಿ ಹಣವಿಲ್ಲದೆ ಮುಚ್ಚಿಹೋಯಿತು. ಫಲಿತಾಂಶದ ಪ್ರತಿ ನಮ್ಮ ಕೈಯಲ್ಲಿಯೂ, ಸಾಧ್ಯವಾದರೆ ತಳಿಯ ಸಾರ್ವಜನಿಕ ದಾಖಲೆಯಲ್ಲಿಯೂ ಇರುವುದು ಕ್ಷೇಮ. ಅಮೆರಿಕದಲ್ಲಿ 1966ರಲ್ಲಿ ಪ್ರಾರಂಭವಾದ ಓ.ಎಫ್.ಎ. ಎಂಬ ಸಂಸ್ಥೆಯ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದು. ತಾನು ಒಪ್ಪಿದ ಪ್ರಯೋಗಾಲಯಗಳ ಫಲಿತಾಂಶವನ್ನು ಮಾತ್ರ ಅದು ಸೇರಿಸಿಕೊಳ್ಳುತ್ತದೆ. 1873ರಷ್ಟು ಹಳೆಯದಾದ ಲಂಡನ್ನಿನ ಕೆನೆಲ್ ಕ್ಲಬ್ಬು, ತಂದೆತಾಯಿ ನಿರ್ದೋಷಿಗಳಾಗಿದ್ದರೆ ಮರಿಗಳನ್ನೂ ಪರೀಕ್ಷೆಯಿಲ್ಲದೆ ನಿರ್ದೋಷಿಗಳೆಂದು ಬರೆದುಕೊಳ್ಳುತ್ತಿತ್ತು. ಈಗ ಅದನ್ನು ಎರಡು ತಲೆಮಾರಿಗೆ ಮಿತಿಗೊಳಿಸಿದೆ. ಪ್ರತಿಯ ಪ್ರತಿಯ ಪ್ರತಿಯನ್ನು ಮೂಲವೆಂದು ನಂಬಬಾರದೆಂಬುದು ನಮ್ಮ ಶಾಸ್ತ್ರದಲ್ಲಿಯೂ ಮೊದಲ ಪಾಠ.

ಇಷ್ಟು ಹೇಳಿದ ಮೇಲೆ ಸರೋಜಮ್ಮನವರು, "ಹಾಗಾದರೆ ಒಳ್ಳೆಯ ಕಡೆ ಪರೀಕ್ಷೆ ಮಾಡಿಸಿಬಿಟ್ಟರೆ ಮರಿಗಳಿಗೆ ಏನೂ ಆಗುವುದಿಲ್ಲ" ಎಂದರು. ನನ್ನ ವೈದ್ಯಮಿತ್ರರು ಇಲ್ಲಿಯೇ ಎಚ್ಚರಿಸಿದ್ದರು. ಲ್ಯಾಬ್ರಡಾರಿನ ಸೊಂಟದ ಕೀಲಿನ ದೋಷಕ್ಕೆ ಅನೇಕ ವಂಶವಾಹಿಗಳೂ ಆಹಾರ ವ್ಯಾಯಾಮಗಳೂ ಕೂಡಿ ಕಾರಣ. ಅದಕ್ಕೆ ಕ್ಷಕಿರಣದ ಚಿತ್ರವೇ ಬೇಕು. ಇನ್ನು ಕೆಲವು ಪರೀಕ್ಷೆಗಳಲ್ಲಿ ದೋಷ ಕಂಡರೂ ರೋಗ ಬಂದೇ ಬರುತ್ತದೆಂದಿಲ್ಲ. 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮೂವರು ತಜ್ಞರು ಬರೆದ ಲೇಖನವೊಂದು ಹದಿಮೂರು ವರ್ಷದ ಒಂದು ಪಗ್ ನಾಯಿಯ ಪ್ರಸಂಗದಿಂದ ಪ್ರಾರಂಭವಾಗುತ್ತದೆ. ಅದಕ್ಕೆ ನಡೆಯುವುದು ಕಷ್ಟವಾಯಿತು. ಮನೆಯವರು ಅಂಚೆಯ ಮೂಲಕ ವಂಶವಾಹಿ ಪರೀಕ್ಷೆ ಮಾಡಿಸಿದರು. ಬೆನ್ನುಹುರಿ ಸವೆಯುವ ರೋಗಕ್ಕೆ ಸಂಬಂಧಿಸಿದ ಮಾರ್ಪಾಟು ಇದೆಯೆಂದು ಉತ್ತರ ಬಂತು. ನಾಯಿ ನರಳಬಾರದೆಂದು ದಯಾಮರಣ ಕೊಡಿಸಿದರು. ಆದರೆ ಆ ಮಾರ್ಪಾಟು ಇರುವ ಎಷ್ಟೋ ನಾಯಿಗಳಿಗೆ ಆ ರೋಗ ಬರುವುದೇ ಇಲ್ಲ. ಚಿಕಿತ್ಸೆಗೆ ಬಗ್ಗುವ ಬೇರೊಂದು ಕಾರಣವಿದ್ದಿರಬಹುದು. ಉತ್ತರ ಕಳುಹಿಸಿ ಸುಮ್ಮನಾಗುವ ಪ್ರಯೋಗಾಲಯಕ್ಕಿಂತ, ಆ ಉತ್ತರದ ಅರ್ಥವೇನೆಂದು ವೈದ್ಯರೊಡನೆ ಮಾತನಾಡುವ ತಜ್ಞರನ್ನು ಇಟ್ಟುಕೊಂಡಿರುವುದು ಮೇಲು. ಬೆಲೆಯಲ್ಲಿ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ.

ನಮ್ಮ ಮುಧೋಳದ ನಾಯಿಯನ್ನು ಸಾಕುವವರಿಗೂ ಒಂದು ಮಾತು. ಪಟ್ಟಿಯಲ್ಲಿರುವ ಪರೀಕ್ಷೆಗಳಲ್ಲಿ ಬಹುಪಾಲು ಪಾಶ್ಚಾತ್ಯ ತಳಿಗಳಲ್ಲಿ ಪತ್ತೆಯಾದ ದೋಷಗಳಿಗೆ ಸೇರಿದವು. ಅವುಗಳಲ್ಲಿ ಯಾವುದೂ ಮುಧೋಳದ ನಾಯಿಯಲ್ಲಿ ಕಾಣದಿದ್ದರೆ, ಆ ದೋಷಗಳಿಲ್ಲವೆಂದು ಮಾತ್ರ ಅರ್ಥ. ಕ್ರಿ.ಶ. 949ರ ಸುಮಾರಿನ ಆತಕೂರಿನ ಶಾಸನವನ್ನು ಪಾಠ ಹೇಳುವಾಗಲೆಲ್ಲ ನನಗೆ ನೆನಪಾಗುವುದು ಮಣಲೇರ. ಒಡೆಯನಾದ ಗಂಗರ ಬೂತುಗ ಮೆಚ್ಚಿ ಬೇಕಾದುದನ್ನು ಬೇಡು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಸೆಣಸಿ ಮಡಿಯಿತು. ಅದರ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರನಿಗೆ ವಂಶಾವಳಿಯ ಕಾಗದ ಬೇಕಿರಲಿಲ್ಲ, ನಾಯಿಯ ಕೆಲಸವನ್ನು ಕಣ್ಣಾರೆ ಕಂಡಿದ್ದ. ನಮಗೆ ಆ ಭಾಗ್ಯವಿಲ್ಲ. ಆರು ವಾರದ ಮರಿಯ ಚಿತ್ರವನ್ನು ಫೋನಿನಲ್ಲಿ ನೋಡಿ ಮುಂಗಡ ಕೊಡುವ ಕಾಲ.

ರಾಯರು ರಾಕಿಯ ಮನೆಯವರಿಗೆ ಫೋನು ಮಾಡಿ ಚಿಪ್ಪಿನ ಸಂಖ್ಯೆ ಕೇಳಿದರು. "ನಾಯಿ ಮದುವೆಗೆ ಇಷ್ಟೊಂದು ವಿಚಾರಣೆಯೇ?" ಎಂದು ಉತ್ತರ ಬಂತು. ಆ ಸಂಬಂಧ ಅಲ್ಲಿಗೆ ನಿಂತಿತು. ಮರುದಿನವೇ ವೈದ್ಯಮಿತ್ರರು ಬಂದರು. ರಾಣಿಯ ಮಾದರಿಯೊಂದೇ ಅಲ್ಲ, ಸೀಸರನದನ್ನೂ ತೆಗೆಯೋಣವೆಂದರು. ಅವನಿಗೆ ಕಣ್ಣು ಹೋದದ್ದು ಇದೇ ದೋಷದಿಂದಲೇ ಎಂಬುದು ಖಚಿತವಾಗಲಿ ಎಂದು. ಎರಡೂ ನಾಯಿಗಳು ಒಂದೇ ಬೋಗುಣಿಯಲ್ಲಿ ನೀರು ಕುಡಿಯುವಂಥವು. ಒಂದರ ಎಂಜಲು ಇನ್ನೊಂದರ ಬಾಯಲ್ಲಿದ್ದರೆ ಫಲಿತಾಂಶವೇ ಕೆಟ್ಟೀತು. ಅದಕ್ಕಾಗಿ ಅವನ್ನು ಬೇರೆ ಬೇರೆ ಕೋಣೆಯಲ್ಲಿ ಕೂಡಿ, ಊಟ ಕೊಡದೆ, ಒಂದು ಗಂಟೆಯ ಮೇಲೆ ಕೆನ್ನೆಯ ಒಳಭಾಗವನ್ನು ಕಡ್ಡಿಯಿಂದ ಒರೆಸಿ ತೆಗೆದರು. ಮೊಲೆಯುಣ್ಣುವ ಮರಿಗಳಾದರೆ ತಾಯಿಯಿಂದ ಬೇರ್ಪಡಿಸಿಯೇ ತೆಗೆಯಬೇಕಂತೆ. ಬಾಗಿಲ ಈಚೆ ರಾಣಿ, ಆಚೆ ಸೀಸರ್, ಇಬ್ಬರ ರೋದನವನ್ನೂ ಕೇಳಿ ಬೀದಿಯವರೆಲ್ಲ ಏನಾಯಿತೆಂದು ವಿಚಾರಿಸಿದರು.

ಮೂರು ವಾರದ ಮೇಲೆ ಮಿಂಚಂಚೆಯಲ್ಲಿ ಉತ್ತರ ಬಂತು. ಈ ಸಲ ಹೊನ್ನಿನ ಮುದ್ರೆಯಿರಲಿಲ್ಲ. ಹದಿನೈದು ಅಂಕಿಗಳಿದ್ದವು, ವಂಶವಾಹಿಯ ಹೆಸರಿತ್ತು, ಮಾದರಿ ತೆಗೆದ ವೈದ್ಯರ ಹೆಸರಿತ್ತು. ಸೀಸರನ ಎರಡು ಪ್ರತಿಗಳಲ್ಲಿಯೂ ತಪ್ಪು. ರಾಯರು ಹಳೆಯ ಕಾಗದವನ್ನು ಅದರ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಮಗನ ಎರಡು ಪ್ರತಿಗಳಲ್ಲಿಯೂ ತಪ್ಪಿದೆಯೆಂದರೆ ಒಂದು ತಾಯಿಯಿಂದ ಬಂದಿರಬೇಕು, ಒಂದು ತಂದೆಯಿಂದ. ಇಬ್ಬರೂ ನಿರ್ದೋಷಿಗಳಾಗಿದ್ದರೆಂಬ ಮಾತು ನಿಲ್ಲುವುದಿಲ್ಲ. ಪರೀಕ್ಷೆಗೆ ಹೋದವು ಬೇರೆ ನಾಯಿಗಳೋ, ಹುಡುಕಿದ್ದು ಬೇರೆ ರೋಗವೋ, ಇಲ್ಲ ಸೀಸರ್ ಆ ತಂದೆತಾಯಿಗಳ ಮರಿಯೇ ಅಲ್ಲವೋ. ಚಿಪ್ಪಿನ ಸಂಖ್ಯೆಯಿಲ್ಲದ ಆ ಕಾಗದ ಯಾವುದಕ್ಕೂ ಉತ್ತರ ಹೇಳುವಂತಿರಲಿಲ್ಲ.

ರಾಣಿ ವಾಹಕ. ಸರೋಜಮ್ಮನವರ ಮುಖ ಬಾಡಿತು. ಇವಳನ್ನು ಇನ್ನು ಕೂಡಿಸುವುದೇ ಬೇಡವೆಂದರು. ವೈದ್ಯರು ಒಪ್ಪಲಿಲ್ಲ, ಬಸೆಂಜಿ ತಳಿಯ ಕತೆ ಹೇಳಿದರು. ಅಮೆರಿಕದಲ್ಲಿ ಆ ನಾಯಿಗಳ ಒಂದು ರಕ್ತರೋಗಕ್ಕೆ ಪರೀಕ್ಷೆ ಬಂದಾಗ ವಾಹಕಗಳನ್ನೆಲ್ಲ ವಂಶದಿಂದ ಹೊರಗಟ್ಟಿದರಂತೆ. ಆ ರೋಗವೇನೋ ಅಪರೂಪವಾಯಿತು. ಉಳಿದ ಕೆಲವೇ ನಾಯಿಗಳ ಸಂತಾನದಲ್ಲಿ ಮೂತ್ರಪಿಂಡದ ಬೇರೊಂದು ರೋಗ ತಲೆಯೆತ್ತಿತು. ಕೊನೆಗೆ ಹೊಸ ರಕ್ತಕ್ಕಾಗಿ 1980ರ ದಶಕದಲ್ಲಿ ಆಫ್ರಿಕಕ್ಕೆ ಹೋಗಿ ನಾಯಿ ತರಬೇಕಾಯಿತು. ರಾಣಿಯನ್ನು ಸರಿಯಾಗಿ ಪರೀಕ್ಷೆಯಾದ ನಿರ್ದೋಷಿಗೆ ಕೊಟ್ಟು, ಮರಿಗಳನ್ನು ಪರೀಕ್ಷಿಸಿ, ಕೊಳ್ಳುವವರಿಗೆ ಇದ್ದದ್ದು ಇದ್ದಂತೆ ಬರೆದುಕೊಟ್ಟರಾಯಿತು ಎಂದರು.

ಸರೋಜಮ್ಮನವರು ಇದನ್ನೆಲ್ಲ ಕೇಳಿದರೋ ಇಲ್ಲವೋ. ಕಾಲ ಬಳಿ ಮಲಗಿದ್ದ ರಾಣಿಯ ಹಣೆಯ ಮೇಲೆ ಕೈಯಿಟ್ಟುಕೊಂಡು, "ಇವಳಿಗೆ ಕಣ್ಣು ಹೋಗುವುದಿಲ್ಲ ತಾನೇ, ಡಾಕ್ಟರೇ?" ಎಂದು ಕೇಳಿದರು.

"ಈ ಒಂದು ದೋಷದಿಂದ ಹೋಗುವುದಿಲ್ಲ, ಅಮ್ಮ."

"ಅಷ್ಟು ಸಾಕು" ಎಂದು ಅವರು ಎದ್ದು ಕಾಫಿ ತರಲು ಒಳಗೆ ಹೋದರು. ರಾಯರು ಹೊಸ ಕಾಗದವನ್ನು ಕಡತದಲ್ಲಿ ಎಲ್ಲಕ್ಕಿಂತ ಮೇಲಿಟ್ಟು ದಾರ ಕಟ್ಟಿದರು.